ತೋಡಿನ ದಂಡೆಯಲ್ಲಿ ಮೂರು ಕಿಲೋಮೀಟರು: ಮರಳಿ ಬಂದ ನೀರನ್ನು ಓದುವ ಬಗೆ

ಉಡುಪಿಯಿಂದ ಉತ್ತರಕ್ಕೆ, ಸ್ವರ್ಣಾ ನದಿಯ ಕಡೆಗೆ ಇಳಿಯುವ ಬೈಲುಗಳ (ತಗ್ಗಿನ ಗದ್ದೆಗಳ) ನಡುವೆ ನಾನು ವಾರಕ್ಕೆರಡು ಬಾರಿ ನಡೆಯುವ ಒಂದು ತೋಡು, ಅಂದರೆ ಸಣ್ಣ ಹಳ್ಳ, ಇದೆ. ಮೇಲ್ತುದಿಯಲ್ಲಿ ಅದನ್ನು ಒಂದೇ ಹೆಜ್ಜೆಗೆ ದಾಟಬಹುದು; ಕೆಳತುದಿಯಲ್ಲಿ ಸಣ್ಣ ದೋಣಿ ಒಳಬರುವಷ್ಟು ಅಗಲ. ನಡುವೆ ಮೂರು ಕಿಲೋಮೀಟರು. ಬಹಳ ವರ್ಷ ಅದರಲ್ಲಿ ಹೂಳು, ಅಂತರಗಂಗೆ, ಪ್ಲಾಸ್ಟಿಕ್ ಚೀಲಗಳನ್ನು ಬಿಟ್ಟರೆ ಕಣ್ಣಿಗೆ ಬೀಳುವಂಥದ್ದು ಏನೂ ಇರಲಿಲ್ಲ. ಊರಿನವರು ಸೇರಿ, ಉದ್ಯೋಗ ಖಾತರಿಯ ಕೆಲಸವನ್ನೂ ಜೋಡಿಸಿಕೊಂಡು, ಮೂರು ಬೇಸಿಗೆಗಳಲ್ಲಿ ಅದನ್ನು ತುಂಡು ತುಂಡಾಗಿ ಬಿಡಿಸಿದರು. ಈಗ ಅದೇ ದಂಡೆಯಲ್ಲಿ ಬೆಳಗಿನ ಹೊತ್ತು ನಡೆದರೆ ನಾಲ್ಕು ಬಗೆಯ ಮಿಂಚುಳ್ಳಿಗಳನ್ನು ನೋಡಬಹುದು. ನೆಂಟರನ್ನು ಕರೆದುಕೊಂಡು ಹೋದಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಹೂಳು ತೆಗೆದ ಮಾತ್ರಕ್ಕೆ ಇವೆಲ್ಲ ಎಲ್ಲಿಂದ ಬಂದವು?

ಹೂಳು ತೆಗೆದ ಮಾತ್ರಕ್ಕೆ ಬರಲಿಲ್ಲ. ಸ್ವಲ್ಪ ದೂರದಲ್ಲಿ ಇದಕ್ಕಿಂತ ಹೆಚ್ಚು ಹಣ ಸುರಿದು, ಹೆಚ್ಚು ಆಳ ತೆಗೆದು, ಎರಡೂ ಬದಿಗೆ ಕಾಂಕ್ರೀಟ್ ಗೋಡೆ ಕಟ್ಟಿದ ತೋಡೊಂದಿದೆ. ಮಳೆಗಾಲದಲ್ಲಿ ಅಲ್ಲಿ ನೀರು ಗಡಿಬಿಡಿಯಿಂದ ಓಡಿಹೋಗುತ್ತದೆ, ಜನವರಿಯಲ್ಲಿ ತಳದ ಕೆಸರು ಬಿರುಕು ಬಿಟ್ಟಿರುತ್ತದೆ. ಒಂದು ಏಡಿಯ ಬಿಲವೂ ಅಲ್ಲಿಲ್ಲ. ಎರಡೂ ತೋಡುಗಳನ್ನು ‘ಪುನಶ್ಚೇತನಗೊಂಡವು’ ಎಂದೇ ಹೇಳಲಾಗುತ್ತದೆ. ಹಾಗಾದರೆ ಒಂದಕ್ಕೆ ಜೀವ ಬಂದು ಇನ್ನೊಂದಕ್ಕೆ ಏಕೆ ಬರಲಿಲ್ಲ? ಇದನ್ನು ತಿಳಿಯಲು ದಂಡೆಯ ಮೇಲೆ ನಿಧಾನವಾಗಿ ನಡೆಯುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಘಟ್ಟದ ಮೇಲಿನವರಿಗೆ ಮೊದಲು ತೋಡು ಎಂದರೇನು ಎಂದು ಹೇಳಬೇಕು. ಅವರ ಕನ್ನಡದಲ್ಲಿ ‘ತೋಡು’ ಎಂದರೆ ಅಗೆ ಎಂಬ ಕ್ರಿಯಾಪದ. ಕರಾವಳಿಯಲ್ಲಿ ಅದು ಹರಿಯುವ ನೀರಿನ ಹೆಸರು. ನನಗೆ ಎರಡು ಅರ್ಥಗಳೂ ಹೊಂದುತ್ತವೆ ಅನ್ನಿಸುತ್ತದೆ, ಏಕೆಂದರೆ ನಮ್ಮ ತೋಡು ಪೂರ್ತಿ ಪ್ರಕೃತಿಯದ್ದೂ ಅಲ್ಲ, ಪೂರ್ತಿ ಮನುಷ್ಯನದ್ದೂ ಅಲ್ಲ. ಗುಡ್ಡದ ನೀರು ತಾನಾಗಿ ಹುಡುಕಿಕೊಂಡ ದಾರಿಯನ್ನು ಬೇಸಾಯಗಾರರು ತಲೆಮಾರುಗಳಿಂದ ಬದಿ ಕಟ್ಟಿ, ತಿರುಗಿಸಿ, ಅಲ್ಲಲ್ಲಿ ತಡೆದು ಗದ್ದೆಗೆ ಹೊಂದಿಸಿಕೊಂಡಿದ್ದಾರೆ. ಮಳೆಗಾಲದ ಏಣೆಲು ಬೆಳೆಗೆ ಮಳೆಯೇ ಸಾಕು. ಅದರ ನಂತರದ ಸುಗ್ಗಿ ಬೆಳೆಗೆ ತೋಡಿನ ನೀರು ಸ್ವಲ್ಪ ಬೇಕು. ಬೇಸಿಗೆಯ ಕೊಳಕೆ ಬೆಳೆಯಂತೂ ತೋಡನ್ನೇ ನಂಬಿಕೊಂಡಿತ್ತು. ಅದಕ್ಕಾಗಿ ಮಳೆ ಹಿಂದೆ ಸರಿಯುತ್ತಲೇ ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ಸಲಾಕೆಗಳಿಂದ ತೋಡಿಗೆ ಅಡ್ಡವಾಗಿ ‘ಕಟ್ಟ’ ಹಾಕುತ್ತಿದ್ದರು. ಕೊಳಕೆ ಬೆಳೆಯುವುದು ನಿಂತಿತು, ಅದರ ಜೊತೆಗೆ ಕಟ್ಟ ಹಾಕುವುದೂ ನಿಂತಿತು. ವರ್ಷಕ್ಕೊಮ್ಮೆ ತೋಡಿಗೆ ಇಳಿದು ಹೂಳೆಳೆಯುತ್ತಿದ್ದ ಕೈಗಳು ಇಲ್ಲವಾದವು. ತೋಡು ಸತ್ತದ್ದು ಕಸದಿಂದ ಎಂದು ನಾವು ಹೇಳುತ್ತೇವೆ. ಕಸ ಬಂದದ್ದು ಆಮೇಲೆ.

ಜನವರಿಯ ನೀರು ಎಲ್ಲಿಯದು?

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಹತ್ತು ಸೆಂಟ್ಸ್ ಜಾಗದ ಲೆಕ್ಕ ಹಾಕಿದರೆ ಅದು 16 ಲಕ್ಷ ಲೀಟರ್. ಇದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಮುಗಿಯುತ್ತದೆ. ಆಗುಂಬೆಯ ಅಂಚಿನಿಂದ ಕಡಲಿಗೆ ಹಕ್ಕಿ ಹಾರುವ ದಾರಿ ಐವತ್ತು ಕಿಲೋಮೀಟರ್ ಕೂಡ ಇಲ್ಲ, ಇಳಿಜಾರು ಕಡಿದು. ಬಿದ್ದ ನೀರು ನಿಲ್ಲಲು ಹೊತ್ತೇ ಇಲ್ಲ. ಹಾಗಿದ್ದರೂ ಒಳ್ಳೆಯ ತೋಡಿನಲ್ಲಿ ಜನವರಿಯಲ್ಲೂ, ಕೆಲವೊಮ್ಮೆ ಮಾರ್ಚ್‌ನಲ್ಲೂ ನೀರು ಹರಿಯುತ್ತಿರುತ್ತದೆ. ತಿಂಗಳುಗಟ್ಟಲೆ ಮಳೆ ಇಲ್ಲದ ಆಕಾಶದ ಕೆಳಗೆ ಆ ನೀರು ಎಲ್ಲಿಂದ ಬರುತ್ತದೆ?

ಉತ್ತರ ಮುರಕಲ್ಲಿನಲ್ಲಿದೆ. ಮನೆ ಕಟ್ಟಲು ತಂದ ಕೆಂಪುಕಲ್ಲನ್ನು ಹತ್ತಿರದಿಂದ ನೋಡಿ, ಮೈತುಂಬ ತೂತುಗಳು. ಗುಡ್ಡದ ಮೇಲೆ ಬಿದ್ದ ಮಳೆ ಈ ತೂತುಗಳಲ್ಲಿ ಇಳಿದು ಕೆಳಗಿರುವ ಶೇಡಿ ಮಣ್ಣಿನ ತನಕ ಹೋಗುತ್ತದೆ. ಶೇಡಿ ಜಿಗುಟು, ನೀರನ್ನು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ. ತಡೆದ ನೀರು ಬದಿಗೆ ಸರಿಯುತ್ತಾ, ಗುಡ್ಡ ಮುಗಿದು ಬೈಲು ಶುರುವಾಗುವ ಕಡೆ ಒಸರಾಗಿ ಹೊರಬರುತ್ತದೆ. ಈ ಪಯಣ ನಡೆಯುವುದು ತಿಂಗಳುಗಟ್ಟಲೆ. ಜನವರಿಯಲ್ಲಿ ತೋಡಿನಲ್ಲಿ ಹರಿಯುವುದು ಆಗಸ್ಟ್‌ನಲ್ಲಿ ಗುಡ್ಡಕ್ಕೆ ಬಿದ್ದ ಮಳೆ. ಬಾವಿಯಲ್ಲಿ ಕಾಣುವುದೂ ಅದೇ. ಬಾವಿ ಮತ್ತು ತೋಡು ಒಂದೇ ನೀರಿಗೆ ಇಟ್ಟ ಎರಡು ಕಿಟಕಿಗಳು.

ಇದು ಅರ್ಥವಾದರೆ ಆ ಇನ್ನೊಂದು ತೋಡಿನ ಕಥೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಕಾಂಕ್ರೀಟ್ ಗೋಡೆ ಬದಿಯಿಂದ ಬರುವ ಒಸರನ್ನು ಮುಚ್ಚಿತು. ಅಳತೆ ಮೀರಿದ ಆಳ ಸುತ್ತಲಿನ ಅಂತರ್ಜಲವನ್ನೆಲ್ಲ ಮಳೆ ಮುಗಿದ ಕೆಲವೇ ವಾರಗಳಲ್ಲಿ ತನ್ನೊಳಗೆ ಎಳೆದುಕೊಂಡು ಕಡಲಿಗೆ ಬಿಟ್ಟಿತು. ತೋಡನ್ನು ಆಳ ಮಾಡಿದಷ್ಟೂ ನೀರು ಹೆಚ್ಚು ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಆಳ ಮಾಡಿದಷ್ಟೂ ಅಕ್ಕಪಕ್ಕದ ಬಾವಿಗಳು ಬೇಗ ಬತ್ತುತ್ತವೆ ಎಂಬುದನ್ನು ನಾವು ಬೇಸಿಗೆಯಲ್ಲಿ ಟ್ಯಾಂಕರ್ ಬಂದಾಗ ಕಲಿಯುತ್ತೇವೆ.

ನಮ್ಮ ತೋಡಿನ ಕೆಲಸದಲ್ಲಿ ಜೆಸಿಬಿ ಬಂದ ಮೊದಲ ದಿನ ಹಿರಿಯ ಕೃಷಿಕರೊಬ್ಬರು ದಂಡೆಯ ಮೇಲೆ ಬಂದು ನಿಂತರು. ಚಾಲಕ ಒಂದು ತಿರುವನ್ನು ನೇರ ಮಾಡಲು ಹೊರಟಿದ್ದ. “ಅದನ್ನು ಮುಟ್ಟಬೇಡ ಮಾರಾಯ, ನೀರು ಓಡಲಿಕ್ಕೆ ಅಲ್ಲ, ನಡೆಯಲಿಕ್ಕೆ ಇರುವುದು” ಎಂದರು. ಕೆಲಸದ ನೀತಿಯೆಲ್ಲ ಆ ಮಾತಿನಲ್ಲಿತ್ತು. ತಿರುವುಗಳು ಉಳಿದವು. ಹೂಳನ್ನು ಹಳೆಯ ತಳದ ಮರಳು ಸಿಗುವವರೆಗೆ ಮಾತ್ರ ತೆಗೆದರು. ಒಂದು ಬೇಸಿಗೆಗೆ ಒಂದು ಕಿಲೋಮೀಟರ್ ಮಾತ್ರ ಬಿಡಿಸಿ, ಉಳಿದದ್ದನ್ನು ಹಾಗೆಯೇ ಬಿಟ್ಟರು; ಕದಲಿಸಿದ ಭಾಗದ ಜೀವಿಗಳಿಗೆ ಕದಲದ ಭಾಗವೊಂದು ಆಸರೆಯಾಗಿ ಇರಬೇಕಲ್ಲ. ಒಂದು ದಂಡೆಯಲ್ಲಿ ಯಂತ್ರ ನಡೆದರೆ ಎದುರು ದಂಡೆಯ ಗಿಡಗಂಟಿಯನ್ನು ಯಾರೂ ಮುಟ್ಟಲಿಲ್ಲ. ಈ ಕೊನೆಯ ನಿರ್ಧಾರವೇ ಎಲ್ಲಕ್ಕಿಂತ ದೊಡ್ಡದು ಎಂದು ನನ್ನ ನಂಬಿಕೆ.

ದಕ್ಷಿಣ ಕೊರಿಯಾದ ಸಿಯೋಲ್ ನಗರದಲ್ಲಿ ಮೇಲ್ಸೇತುವೆಯನ್ನೇ ಕೆಡವಿ, ಅದರ ಕೆಳಗೆ ಹೂತುಹೋಗಿದ್ದ ಚಂಗ್ಯೆಚನ್ ಹೊಳೆಯನ್ನು 2005ರಲ್ಲಿ ಮತ್ತೆ ತೆರೆದರು. ಜಗತ್ತೆಲ್ಲ ಅದನ್ನು ಮೆಚ್ಚಿಕೊಂಡಿತು, ಮೆಚ್ಚಬೇಕಾದ್ದೇ. ಆದರೆ ಅಲ್ಲಿ ಹರಿಯುವ ನೀರಿನ ಬಹುಪಾಲನ್ನು ದಿನವೂ ಪಂಪ್ ಮಾಡಿ ತರಬೇಕಾಗಿದೆ. ನಮ್ಮ ಗುಡ್ಡಗಳು ಆ ಕೆಲಸವನ್ನು ವಿದ್ಯುತ್ ಇಲ್ಲದೆ ಮಾಡಿಕೊಡುತ್ತವೆ. ನಾವು ಗೋಡೆ ಕಟ್ಟಿ ಅದನ್ನು ತಡೆಯುತ್ತಿದ್ದೇವೆ.

ಮೇಲ್ತುದಿಯಿಂದ ಇಳಿಯುತ್ತಾ

ಬೆಳಿಗ್ಗೆ ಆರೂವರೆಗೆ ಹೊರಟರೆ ಸರಿ. ಮೇಲ್ತುದಿಯಲ್ಲಿ ನಾಗಬನವೊಂದಿದೆ. ಊರಿಗೆ ಊರೇ ಬೋಳಾದರೂ ನಾಗಬನದ ಮರಗಳಿಗೆ ಕೊಡಲಿ ತಾಗುವುದಿಲ್ಲ, ಹಾಗಾಗಿ ಅದರ ಬುಡದ ಒಸರು ಇಂದಿಗೂ ಬತ್ತಿಲ್ಲ. ಅಲ್ಲಿ ನೀರು ಮೊಣಕಾಲಿಗೂ ಬಾರದಷ್ಟು, ತಳದ ಮರಳಿನ ಕಣಗಳನ್ನು ಎಣಿಸುವಷ್ಟು ತಿಳಿ. ಬಾಗಿ ನೋಡಿದರೆ ಮೇಲ್ಮೈಗೆ ಅಂಟಿಕೊಂಡಂತೆ ತೇಲುವ ಸಣ್ಣ ಮೀನುಗಳು ಕಾಣುತ್ತವೆ. ಪ್ರತಿಯೊಂದರ ತಲೆಯ ಮೇಲೂ ಬೆಳ್ಳಿಯ ಚುಕ್ಕೆ. ನಮ್ಮ ನಾಡಿನದೇ ಆದ ಪ್ಯಾಂಚಾಕ್ಸ್ ಮೀನು ಇದು. ಇದರ ಬಾಯಿ ಮೇಲ್ಮುಖವಾಗಿದೆ, ಮೇಲ್ಮೈಗೆ ಉಸಿರಾಡಲು ಬರುವ ಸೊಳ್ಳೆಮರಿಗಳನ್ನು ಹಿಡಿಯಲು ಮಾಡಿಸಿದ ಹಾಗೆ.

ಸೊಳ್ಳೆಯ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು. ತೋಡು ತೆರೆದಿದ್ದರೆ ಸೊಳ್ಳೆ ಹೆಚ್ಚಾಗುತ್ತದೆ, ಚಪ್ಪಡಿ ಹಾಕಿ ಮುಚ್ಚಿ ಎಂದು ಪ್ರತಿ ವಾರ್ಡಿನಲ್ಲೂ ಯಾರಾದರೂ ಒತ್ತಾಯಿಸುತ್ತಾರೆ. ಕೊಳಚೆ ನಿಂತ ಚರಂಡಿಯಲ್ಲಿ ಹುಟ್ಟುವುದು ಕ್ಯೂಲೆಕ್ಸ್ ಸೊಳ್ಳೆ, ಆನೆಕಾಲು ರೋಗ ಹರಡುವುದು ಅದೇ. ಮಂಗಳೂರನ್ನು ವರ್ಷಗಳ ಕಾಲ ಕಾಡಿದ ಮಲೇರಿಯಾವನ್ನು ಹರಡುವ ನಗರದ ಅನಾಫಿಲಿಸ್ ಸೊಳ್ಳೆಯಾದರೋ ಮೊಟ್ಟೆಯಿಡುವುದು ಹೆಚ್ಚಾಗಿ ತಾರಸಿಯ ಟ್ಯಾಂಕು, ಬಾವಿ, ಕಟ್ಟಡ ಕೆಲಸದ ಜಾಗದಲ್ಲಿ ನಿಂತ ತಿಳಿನೀರಿನಲ್ಲಿ. ಹರಿಯುವ, ಮೀನಿರುವ, ಕೊಡತಿ ಕೀಟದ ಮರಿಗಳಿರುವ ತೋಡಿನಲ್ಲಿ ಈ ಎರಡಕ್ಕೂ ನೆಲೆ ಸಿಗುವುದು ಕಷ್ಟ. ಚಪ್ಪಡಿ ಮುಚ್ಚಿದರೆ ಸಾಯುವುದು ಮೀನು. ಕತ್ತಲಲ್ಲಿ ಕೊಳಚೆ ನಿಂತರೆ ಸೊಳ್ಳೆಗೆ ಮನೆ ಸಿದ್ಧ.

ಕೊಡತಿ ಕೀಟ ಎಂದೆ. ಮಕ್ಕಳಾಗಿದ್ದಾಗ ನಾವೆಲ್ಲ ಏರೋಪ್ಲೇನ್ ಚಿಟ್ಟೆ ಎಂದು ಕರೆದು ಬಾಲಕ್ಕೆ ದಾರ ಕಟ್ಟಿದ್ದು ಇದಕ್ಕೇ. ನಾವು ನೋಡುವ ರೆಕ್ಕೆಯ ಬದುಕು ಅದರ ಕೊನೆಯ ಅಧ್ಯಾಯ ಮಾತ್ರ. ಅದಕ್ಕಿಂತ ಮೊದಲು ಅದು ನೀರೊಳಗಿನ ಬೇಟೆಗಾರ. ಮಡಚಿಟ್ಟ ಕೆಳದುಟಿಯನ್ನು ಚಕ್ಕನೆ ಮುಂದೆ ಚಾಚಿ ಸೊಳ್ಳೆಮರಿಯನ್ನೋ ಗೊದಮೊಟ್ಟೆಯನ್ನೋ ಹಿಡಿಯುತ್ತದೆ. ಅಪಾಯ ಬಂದರೆ ಹಿಂಬದಿಯಿಂದ ನೀರನ್ನು ಚಿಮ್ಮಿಸಿ ಬಾಣದಂತೆ ಮುಂದೆ ಸಾಗುತ್ತದೆ. ಸೂಕ್ಷ್ಮವಾದ, ರೆಕ್ಕೆ ಮಡಚಿ ಕೂರುವ ಸೂಜಿಯಂಥ ಬಗೆಗಳು ಹೆಚ್ಚು ಕಂಡರೆ ದಂಡೆಯಲ್ಲಿ ನೆರಳೂ ನೀರಿನಲ್ಲಿ ಆಮ್ಲಜನಕವೂ ಇದೆ ಎಂದು ತಿಳಿಯಬಹುದು. ಇನ್ನು ಅಕ್ಟೋಬರ್ ಹೊತ್ತಿಗೆ ಬೈಲಿನ ಮೇಲೆ ಗುಂಪುಗುಂಪಾಗಿ ತೇಲುವ ಹಳದಿ ಮಿಶ್ರಿತ ಕಂದು ಕೊಡತಿಗಳು ಪಾಂಟಾಲಾ ಫ್ಲಾವೆಸೆನ್ಸ್. ಮುಂಗಾರು ಮುಗಿದ ಮೇಲೆ ಭಾರತದಿಂದ ಹೊರಟ ಇವು ಮಾಲ್ಡೀವ್ಸ್ ಮೇಲೆ ಹಾದು, ಹಿಂದೂ ಮಹಾಸಾಗರ ದಾಟಿ, ಆಫ್ರಿಕಾದ ಪೂರ್ವ ಕರಾವಳಿ ಮುಟ್ಟುತ್ತವೆ ಎಂದು ಸಂಶೋಧಕರು ತಿಳಿದುಕೊಂಡಿದ್ದಾರೆ. ಮಳೆಗಾಲದ ತಾತ್ಕಾಲಿಕ ನೀರಿನಲ್ಲಿ ಕೆಲವೇ ವಾರಗಳಲ್ಲಿ ಬೆಳೆದ ಹುಳು, ಕಡಲು ದಾಟುವ ರೆಕ್ಕೆ. ಪ್ರತಿ ವರ್ಷ ಅವನ್ನು ನೋಡುವಾಗ ನನಗೆ ಮಾತು ಹೊರಡುವುದಿಲ್ಲ.

ನಾಗಬನ ದಾಟಿದ ಮೇಲೆ ದಂಡೆಯುದ್ದಕ್ಕೂ ಮುಂಡೇವು, ಅಂದರೆ ಕೇದಗೆ. ಮುಳ್ಳಿನ ಪೊದೆ, ದಾರಿಗೆ ಅಡ್ಡ, ಹಾವುಗಳ ಮನೆ ಎಂದು ಮೊದಲು ಕಡಿಯುವುದು ಇದನ್ನೇ. ಆದರೆ ನೆಲಕ್ಕೆ ಊರಿದ ಅದರ ಕೋಲುಬೇರುಗಳು ಆಗಸ್ಟ್‌ನ ನೆರೆಯಲ್ಲೂ ದಂಡೆ ಕುಸಿಯದಂತೆ ಹಿಡಿಯುತ್ತವೆ. ಅಡಿಯಲ್ಲಿ ಸದಾ ತೇವವಿರುವುದರಿಂದ ಬಸವನಹುಳುಗಳು, ಅವನ್ನು ತಿನ್ನುವ ಮಿಣುಕುಹುಳುಗಳ ಮರಿಗಳು, ಮೇ ಕೊನೆಯ ರಾತ್ರಿಗಳಲ್ಲಿ ಪೊದೆಯ ತುಂಬ ಮಿಣುಕು. ಹುಂಡುಕೋಳಿ ಗೂಡು ಕಟ್ಟುವುದೂ ಇಂಥ ಪೊದೆಯಲ್ಲೇ. ಮಳೆ ಹತ್ತಿರವಾದಾಗ ರಾತ್ರಿಯಿಡೀ ಕೊರ್-ವಾಕ್, ಕೊರ್-ವಾಕ್ ಎಂದು ಕೂಗುವ ಬಿಳಿಯೆದೆಯ ಹಕ್ಕಿ ಅದು. ಮತ್ತು ಅಷ್ಟಮಿಗೆ ಮೂಡೆ (ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಇಡ್ಲಿ) ಕಟ್ಟಲು ಎಲೆ ಬೇಕಲ್ಲ? ಮುಳ್ಳು ಸವರಿ, ಬೆಂಕಿಗೆ ಬಾಡಿಸಿ, ಸುರುಳಿ ಸುತ್ತಿ ಮೂಡೆ ಮಾಡುವ ಎಲೆಯ ಗಿಡವನ್ನು ತೋಡಿನ ಬದಿಯಿಂದ ಕಿತ್ತು ಹಾಕಿ, ಆಮೇಲೆ ಉಡುಪಿಯ ರಥಬೀದಿಯ ಆಸುಪಾಸಿನಲ್ಲಿ ದುಡ್ಡು ಕೊಟ್ಟು ಅದರ ಕೊಟ್ಟೆ ಕೊಳ್ಳುತ್ತೇವೆ. ನಮ್ಮ ತೋಡಿನ ಕೆಲಸದಲ್ಲಿ ಮುಂಡೇವನ್ನು ಉಳಿಸಲು ಹೆಚ್ಚು ಜಗಳ ಮಾಡಿದ್ದು ಮೂಡೆ ಕಟ್ಟುವ ಹೆಂಗಸರು. ಅವರಿಗೆ ನಾನು ಋಣಿ.

ನಾಲ್ಕು ಮಿಂಚುಳ್ಳಿಗಳು ಹೇಳುವ ಮಾತು

ನಡುತೋಡಿನಲ್ಲಿ ಎರಡಾಳೆತ್ತರದ ಮಣ್ಣಿನ ದಂಡೆಯೊಂದು ನೆಟ್ಟಗೆ ನಿಂತಿದೆ. ಇಲ್ಲಿ ಕುಳಿತು ಅರ್ಧ ಗಂಟೆ ಕಾಯುವುದು ಇಡೀ ನಡಿಗೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಹೊತ್ತು.

ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಕಂದು ತಲೆ, ಬಿಳಿ ಕೊರಳು, ಕೆಂಪು ಕೊಕ್ಕಿನ ಗದ್ದೆ ಮಿಂಚುಳ್ಳಿ. ಇದನ್ನು ನೋಡಿ ‘ತೋಡು ಶುದ್ಧವಾಗಿದೆ’ ಎಂದು ಫೋಟೋ ಹಾಕುವವರಿದ್ದಾರೆ. ಅದು ಸರಿಯಲ್ಲ. ಈ ಹಕ್ಕಿ ಮಿಡತೆ, ಏಡಿ, ಹಲ್ಲಿ, ಕಪ್ಪೆ ಏನನ್ನಾದರೂ ತಿನ್ನುತ್ತದೆ. ನೀರಿಲ್ಲದ ತೋಟದಲ್ಲೂ ಬದುಕುತ್ತದೆ. ಅದು ನೀರಿನ ಬಗ್ಗೆ ನಮಗೆ ಏನನ್ನೂ ಹೇಳುವುದಿಲ್ಲ. ಬೆಳ್ಳಕ್ಕಿ, ಕೊಳದ ಬಕಗಳ ಮಾತೂ ಇದೇ, ಕೊಳಚೆ ನೀರಿನ ಬದಿಯಲ್ಲೂ ಅವು ನಿಲ್ಲುತ್ತವೆ.

ಕಿರು ಮಿಂಚುಳ್ಳಿ ಹಾಗಲ್ಲ. ಗುಬ್ಬಿಗಿಂತ ಸ್ವಲ್ಪ ದೊಡ್ಡದಾದ ಈ ನೀಲಿ ಹಕ್ಕಿ ಬಾಗಿದ ಕಡ್ಡಿಯ ಮೇಲೆ ಕುಳಿತು ನೇರ ಕೆಳಗೆ ನೋಡುತ್ತದೆ. ಅದಕ್ಕೆ ಬೆರಳುದ್ದದ ಮೀನು ಬೇಕು, ಆ ಮೀನು ಮೇಲಿನಿಂದ ಕಾಣಬೇಕು. ಅಂದರೆ ನೀರು ತಿಳಿಯಾಗಿರಬೇಕು, ಮರಿಮೀನುಗಳು ಬೆಳೆಯುವಷ್ಟು ಆಮ್ಲಜನಕ ಇರಬೇಕು, ಕುಳಿತುಕೊಳ್ಳಲು ನೀರಿನ ಮೇಲೆ ಚಾಚಿದ ರೆಂಬೆ ಇರಬೇಕು. ನಮ್ಮ ತೋಡಿಗೆ ಇದು ಬಂದದ್ದು ಎರಡನೆಯ ಬೇಸಿಗೆಯ ನಂತರ. ದೊಡ್ಡ ಕೊಕ್ಕಿನ ಹೆಮ್ಮಿಂಚುಳ್ಳಿಗೆ ಇಷ್ಟೂ ಸಾಲದು. ತೋಡಿನ ಮೇಲೆ ಬಾಗಿ ನೆರಳು ಕೊಡುವ ಹಳೆಯ ಮರಗಳು ಬೇಕು. ಅದು ಹೊಂಗೆ ಮತ್ತು ಸುರಹೊನ್ನೆಯ ಮರಗಳಿರುವ ಇನ್ನೂರು ಮೀಟರ್ ಬಿಟ್ಟು ಆಚೀಚೆ ಹೋಗುವುದನ್ನು ನಾನು ಹೆಚ್ಚು ನೋಡಿಲ್ಲ. ನಾಲ್ಕನೆಯದು ಕಪ್ಪುಬಿಳಿ ಮಿಂಚುಳ್ಳಿ, ತೋಡು ಅಗಲವಾಗುವ ಕೆಳಗಿನ ಭಾಗದ್ದು. ಅದು ಕೊಂಬೆ ಕಾಯುವುದಿಲ್ಲ. ಗಾಳಿಯಲ್ಲೇ ರೆಕ್ಕೆ ಬಡಿಯುತ್ತಾ ಒಂದೇ ಜಾಗದಲ್ಲಿ ನಿಂತು, ಮೀನು ಕಂಡ ಕೂಡಲೇ ಕಲ್ಲಿನಂತೆ ಬೀಳುತ್ತದೆ.

ಈ ನಾಲ್ಕಕ್ಕೂ ಒಂದು ಹೋಲಿಕೆಯಿದೆ. ಮಣ್ಣಿನ ಕಡಿದಾದ ದಂಡೆ ಅವುಗಳಿಗೆ ಗೂಡಿನ ಜಾಗ. ಕೊಕ್ಕಿನಿಂದ ಕುಟ್ಟಿ, ಕಾಲಿನಿಂದ ಮಣ್ಣು ಹಿಂದಕ್ಕೆ ತಳ್ಳಿ, ಒಂದು ಮೊಳಕ್ಕೂ ಹೆಚ್ಚು ಉದ್ದದ ಸುರಂಗ ಕೊರೆದು ಅದರ ಕೊನೆಯಲ್ಲಿ ಮೊಟ್ಟೆಯಿಡುತ್ತವೆ. ಹೆಮ್ಮಿಂಚುಳ್ಳಿ ಕೆಲವೊಮ್ಮೆ ಮರದ ಪೊಟರೆಯನ್ನೋ ಗೆದ್ದಲ ಗೂಡನ್ನೋ ಹುಡುಕಿಕೊಂಡೀತು, ಉಳಿದವುಗಳಿಗೆ ಮಣ್ಣೇ ಗತಿ. ಕಾಂಕ್ರೀಟ್ ಗೋಡೆಯಲ್ಲಿ ಯಾವ ಕೊಕ್ಕೂ ಸುರಂಗ ಕೊರೆಯದು. ನೀರು ಎಷ್ಟೇ ಶುದ್ಧವಿರಲಿ, ಮೀನು ಎಷ್ಟೇ ಇರಲಿ, ಆ ತೋಡಿಗೆ ಮಿಂಚುಳ್ಳಿ ಊಟಕ್ಕೆ ಬಂದೀತೇ ಹೊರತು ಸಂಸಾರ ಹೂಡುವುದಿಲ್ಲ. ದಂಡೆ ಕುಸಿಯುವ ಕಡೆ ಗೋಡೆ ಬೇಕೇ ಬೇಕು ಎಂಬ ಸಂದರ್ಭಗಳಿರುತ್ತವೆ, ಮನೆಗಳು ಅಂಚಿಗೇ ಬಂದಿರುವಲ್ಲಿ ಬೇರೆ ದಾರಿ ಇಲ್ಲ. ಅಂಥಲ್ಲಿ ಸಿಮೆಂಟು ಹಾಕದೆ ಮುರಕಲ್ಲನ್ನು ಒಣಗಟ್ಟಿ ಜೋಡಿಸಿದರೆ ಒಸರು ಬರಲು ಸಂದು ಉಳಿಯುತ್ತದೆ. ಸಂದುಗಳಲ್ಲಿ ಏಡಿ, ಕಪ್ಪೆ, ಜರೀಗಿಡಗಳು ಸೇರಿಕೊಳ್ಳುತ್ತವೆ. ಇಡೀ ಮೂರು ಕಿಲೋಮೀಟರಿಗೆ ಗೋಡೆ ಬೇಕೆನ್ನುವ ಅಂದಾಜುಪಟ್ಟಿಯನ್ನು ಮಾತ್ರ ನಾನು ಒಪ್ಪಲಾರೆ.

ಮಳೆಗಾಲದಲ್ಲಿ ಇದೇ ಜಾಗ ಕಪ್ಪೆಗಳದ್ದು. ಮೊದಲ ಮಳೆಗೆ ಗೋಂಕುರು ಕಪ್ಪೆಯ ಗಂಡುಗಳು ನಿಂಬೆಹಣ್ಣಿನ ಹಳದಿಗೆ ತಿರುಗಿ, ಕೆನ್ನೆಯ ನೀಲಿ ಚೀಲ ಉಬ್ಬಿಸಿ ಕೂಗುವುದನ್ನು ನೋಡದ ಕರಾವಳಿಯ ಮಗುವಿರಬಾರದು. ನೀರಿನ ಮೇಲೆ ಕಲ್ಲು ಜಾರಿಸಿದ ಹಾಗೆ ಕುಪ್ಪಳಿಸಿ ಓಡುವ ಕಪ್ಪೆಗಳೂ ಇವೆ. ಅಂಥ ಒಂದನ್ನು ಮಂಗಳೂರಿನ ಬಳಿ ಗುರುತಿಸಿ, 2009ರಲ್ಲಿ ಹೊಸ ಪ್ರಭೇದವೆಂದು ಪ್ರಕಟಿಸಿದರು. ಸಂತ ಅಲೋಶಿಯಸ್ ಕಾಲೇಜಿನ ನೆನಪಿಗೆ ಅದರ ಹೆಸರು ಅಲೋಯ್ಸಿ. 2018ರಲ್ಲಿ ಮಂಗಳೂರಿನಲ್ಲೇ ಸಿಕ್ಕಿದ ಪುಟ್ಟ ಕಿರುಬಾಯಿ ಕಪ್ಪೆಗೆ ನಗರದ ಕೊಂಕಣಿ ಹೆಸರು: ಮೈಕ್ರೊಹೈಲಾ ಕೊಡಿಯಾಲ್. ಕಾಡಿನ ಒಳಗಲ್ಲ, ನಗರದ ಕೈಗಾರಿಕಾ ಪ್ರದೇಶದಲ್ಲಿ ಸಿಕ್ಕಿದ ಪ್ರಭೇದ ಅದು. ನಮ್ಮ ಮನೆಯ ಹಿಂದಿನ ನೀರಿನಲ್ಲಿ ಏನಿದೆ ಎಂದು ನಾವಿನ್ನೂ ಪೂರ್ತಿ ನೋಡಿ ಮುಗಿಸಿಲ್ಲ ಎನ್ನುವುದಕ್ಕೆ ಇವೆರಡೇ ಸಾಕು.

ಕಿಂಡಿಯ ಆಚೆ, ಕಿಂಡಿಯ ಈಚೆ

ಎರಡೂವರೆ ಕಿಲೋಮೀಟರಿಗೆ ಕಿಂಡಿ ಅಣೆಕಟ್ಟು. ಕಂಬಗಳ ನಡುವಿನ ಕಿಂಡಿಗಳಿಗೆ ಮಳೆಗಾಲ ಮುಗಿದ ಮೇಲೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬುತ್ತಾರೆ. ಮೇಲ್ಬದಿಗೆ ಸಿಹಿನೀರು ನಿಲ್ಲುತ್ತದೆ, ಕೆಳಬದಿಯಿಂದ ಉಪ್ಪುನೀರು ಏರಿ ಬರದು.

ಉಪ್ಪುನೀರು ತೋಡನ್ನು ಏರುವುದು ಹೇಗೆ ಎಂದು ಅನೇಕರಿಗೆ ಅಚ್ಚರಿ. ಕಡಲು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಮಳೆಗಾಲದಲ್ಲಿ ಗುಡ್ಡದ ನೀರಿನ ಒತ್ತಡ ಹೆಚ್ಚು, ಕಡಲು ಒಳಗೆ ಬರಲಾಗದು. ಡಿಸೆಂಬರ್‌ನಿಂದ ಆ ಒತ್ತಡ ಇಳಿಯುತ್ತದೆ. ಉಪ್ಪುನೀರು ಸಿಹಿನೀರಿಗಿಂತ ಭಾ­ರ, ಆದ್ದರಿಂದ ಅದು ಮೇಲಿನಿಂದ ಅಲ್ಲ, ತಳದಿಂದ ಬೆಣೆಯಂತೆ ನುಸುಳುತ್ತದೆ. ಮೇಲಿನ ನೀರನ್ನು ಬೊಗಸೆಯಲ್ಲಿ ಹಿಡಿದು ರುಚಿ ನೋಡಿದರೆ ಸಿಹಿ; ಒಂದಾಳು ಕೆಳಗೆ ಕಡಲು. ಹೂಳೆತ್ತುವ ಭರದಲ್ಲಿ ತಳವನ್ನು ಕಡಲಿನ ಮಟ್ಟಕ್ಕಿಂತ ಕೆಳಗೆ ಇಳಿಸಿದರೆ ಈ ಬೆಣೆಗೆ ನಾವೇ ದಾರಿ ತೋಡಿಕೊಟ್ಟಂತೆ. ಬಾವಿಗೆ ಉಪ್ಪು ಬಂದರೆ ಅದನ್ನು ಹೊರಗೆ ಹಾಕಲು ಒಂದೆರಡು ಮಳೆಗಾಲ ಸಾಲದು.

ಕಿಂಡಿಯ ಕೆಳಗೆ ಲೋಕವೇ ಬೇರೆ. ದಂಡೆಯಲ್ಲಿ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ಇಳಿತದ ಹೊತ್ತಿನಲ್ಲಿ ತೆರೆದುಕೊಳ್ಳುವ ಕೆಸರು, ಅದರ ಮೇಲೆ ಒಂದು ಕೊಂಬು ದೊಡ್ಡದಾದ ಸಣ್ಣ ಏಡಿಗಳ ಸಂತೆ. ಊರಿನವರು ಮರುವಾಯಿ ಚಿಪ್ಪುಗಳನ್ನು ಹೆಕ್ಕಲು ಬರುವುದು ಇಲ್ಲಿಗೇ. ನವೆಂಬರ್‌ನಿಂದ ಮಾರ್ಚ್‌ವರೆಗೆ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಾ ಕೆಸರಲ್ಲಿ ಓಡಾಡುವ ಗೊರವಗಳು, ಬೂದು ಸಿಪಿಲೆಗಳು ಹಿಮಾಲಯದಿಂದಲೂ ಅದರಾಚೆಯಿಂದಲೂ ಬಂದ ಅತಿಥಿಗಳು. ಬಿಳಿ ತಲೆಯ ಗರುಡ ಮೇಲೆ ಸುತ್ತುತ್ತಿರುತ್ತದೆ.

ನೀರುನಾಯಿಯನ್ನು ನಾನು ಈ ವರ್ಷಗಳಲ್ಲಿ ಕಣ್ಣಾರೆ ನೋಡಿದ್ದು ಎರಡೇ ಸಲ. ಅದರ ಗುರುತುಗಳನ್ನು ಮಾತ್ರ ಮತ್ತೆ ಮತ್ತೆ ನೋಡುತ್ತೇನೆ: ನೀರಿನಂಚಿನ ಕಲ್ಲಿನ ಮೇಲೆ ಮೀನಿನ ಪರೆ, ಏಡಿಯ ಚಿಪ್ಪಿನ ಚೂರುಗಳಿಂದ ತುಂಬಿದ ಹಿಕ್ಕೆ, ಪಕ್ಕದ ಕೆಸರಿನಲ್ಲಿ ಜಾಲಪಾದದ ಅಚ್ಚು. ನೀರುನಾಯಿಗೆ ದಿನವೂ ಹೊಟ್ಟೆ ತುಂಬ ಮೀನು ಬೇಕು, ಹಗಲು ಅಡಗಲು ದಂಡೆಯ ಬಿಲ ಅಥವಾ ದಟ್ಟ ಪೊದೆ ಬೇಕು, ನಾಯಿಗಳ ಕಾಟ ಇರಬಾರದು. ಅದರ ಹಿಕ್ಕೆ ಕಂಡ ತೋಡಿನಲ್ಲಿ ಆಹಾರ ಸರಪಳಿಯ ಕೆಳಗಿನ ಮೆಟ್ಟಿಲುಗಳೆಲ್ಲ ಗಟ್ಟಿಯಾಗಿವೆ ಎಂದರ್ಥ.

ಎಲ್ಲವೂ ಸರಿಯಾಗಿದೆ ಎಂದಲ್ಲ. ನಡುವೆ ಒಂದು ಕಡೆ ವಸತಿ ಸಮುಚ್ಚಯವೊಂದರ ಕೊಳವೆ ತೋಡಿಗೆ ಬಂದು ಸೇರುತ್ತದೆ. ಅಲ್ಲಿಂದ ಕೆಳಗೆ ನೂರು ಹೆಜ್ಜೆಯವರೆಗೆ ನೀರು ಬೂದಿ ಬಣ್ಣ. 30 ಡಿಗ್ರಿ ಬಿಸಿಯ ನೀರು ಒಂದು ಲೀಟರಿಗೆ ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕವೇ ಏಳೂವರೆ ಮಿಲಿಗ್ರಾಂ. ಕೊಳಚೆಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಅದನ್ನೆಲ್ಲ ಹೀರಿಬಿಡುತ್ತವೆ. ಅಲ್ಲಿನ ಕೆಸರನ್ನು ಕಡ್ಡಿಯಿಂದ ಕೆದಕಿದರೆ ಕೆಂಪು ನೂಲಿನಂಥ ಹುಳುಗಳು. ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಅವುಗಳಲ್ಲಿರುವುದರಿಂದ ಆ ಬಣ್ಣ, ಆದ್ದರಿಂದಲೇ ಉಸಿರಿಲ್ಲದ ಕೆಸರಲ್ಲೂ ಬದುಕು. ಅಲ್ಲಿ ಸಿಗುವ ಮೀನೆಂದರೆ ಗಾಳಿಯನ್ನೇ ನುಂಗಿ ಉಸಿರಾಡುವ ಮುಗುಡು. ಪ್ಯಾಂಚಾಕ್ಸ್ ಇಲ್ಲ, ಕಿರು ಮಿಂಚುಳ್ಳಿ ಇಲ್ಲ. ಅಲ್ಲಿಂದ ಇನ್ನೂರು ಹೆಜ್ಜೆ ಕೆಳಗೆ ನೀರು ಕಲ್ಲುಗಳ ಮೇಲೆ ಬಿದ್ದು, ಹುಲ್ಲಿನ ನಡುವೆ ಹಾದು ಮತ್ತೆ ಚೇತರಿಸಿಕೊಳ್ಳುತ್ತದೆ. ಪಂಚಾಯಿತಿಗೆ ಮೂರು ಸಲ ಅರ್ಜಿ ಕೊಟ್ಟಿದ್ದೇವೆ, ನಾಲ್ಕನೆಯದನ್ನೂ ಕೊಡುತ್ತೇವೆ.

ನಡೆಯಲು ಹೋಗುವವರಿಗೆ ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಉಡುಪಿ, ದಕ್ಷಿಣ ಕನ್ನಡದಲ್ಲಿ ಇಲಿಜ್ವರ ಸಾಮಾನ್ಯ. ಇಲಿಯ ಮೂತ್ರ ಬೆರೆತ ನೀರು ಚರ್ಮದ ಗಾಯದ ಮೂಲಕ ರೋಗ ತರುತ್ತದೆ. ಕಾಲಿನಲ್ಲಿ ಗಾಯವಿದ್ದರೆ ನೀರಿಗೆ ಇಳಿಯಬೇಡಿ, ಗದ್ದೆಯ ಹುಣಿಯ (ಬದುವಿನ) ಮೇಲೆಯೇ ನಡೆಯಿರಿ. ಈಜುವ ನೀರೊಳ್ಳೆ ಹಾವನ್ನು ಕಂಡು ಕಲ್ಲು ಎತ್ತಬೇಡಿ, ಅದಕ್ಕೆ ವಿಷವಿಲ್ಲ. ಕಾಲುಸಂಕ ದಾಟುವಾಗ ಒಬ್ಬೊಬ್ಬರೇ ದಾಟಿ. ಕಿಂಡಿಯ ಕೆಳಗಿನ ಭಾಗವನ್ನು ನೋಡಬೇಕಾದರೆ ಇಳಿತದ ಹೊತ್ತು ಕೇಳಿಕೊಂಡು ಹೋಗಿ. ಬಲೆ ಬೀಸುವ ಯಾರನ್ನು ಕೇಳಿದರೂ ಹೇಳುತ್ತಾರೆ.

ಒಂದು ದಿನ ಮಾತ್ರ ಬರಲು ಸಾಧ್ಯವಾಗುವುದಾದರೆ, ಕಿಂಡಿಯ ಹಲಗೆ ತೆಗೆಯುವ ದಿನದ ಮರುದಿನ ಬನ್ನಿ. ಅಣೆಕಟ್ಟಿನ ನಿಜವಾದ ಪರೀಕ್ಷೆ ಅದು. ಮಳೆಯ ಹೊಸನೀರು ಬಂದ ಕೂಡಲೇ ಹೊಳೆಯ ಮೀನುಗಳು ಮೊಟ್ಟೆಯಿಡಲು ತೋಡಿನ ಮೂಲಕ ಗದ್ದೆಗಳಿಗೆ ಏರುತ್ತವೆ. ತುಳುವಿನಲ್ಲಿ ಉಬರ್ ಎನ್ನುವುದು, ಮಲೆನಾಡಿನವರು ಹತ್ತುಮೀನು ಎನ್ನುವುದು ಇದನ್ನೇ. ಹಲಗೆ ತೆಗೆಯುವುದು ಒಂದು ವಾರ ತಡವಾದರೂ ಮೀನುಗಳು ಅಣೆಯ ಬುಡದಲ್ಲೇ ಗುಂಪುಗೂಡಿ, ಬಲೆಗೋ ಕೊಕ್ಕಿಗೋ ಸಿಕ್ಕಿ ಮುಗಿದುಹೋಗುತ್ತವೆ. ಮುಂದಿನ ವರ್ಷದ ಮಿಂಚುಳ್ಳಿಗೆ ಮರಿಮೀನು ಇರುವುದಿಲ್ಲ. ಕಳೆದ ಸಲ ಮೇ ಕೊನೆಯ ವಾರ ಮೋಡ ಕಟ್ಟಿದ್ದನ್ನು ನೋಡಿ ಊರಿನ ಆರು ಮಂದಿ ಸಂಜೆಯೇ ಇಳಿದು ಹಲಗೆಗಳನ್ನು ಎತ್ತಿದರು. ರಾತ್ರಿ ಮಳೆ ಹೊಡೆಯಿತು. ಬೆಳಿಗ್ಗೆ ನಾನು ಹೋದಾಗ ಕಿಂಡಿಯ ಕಂಬಗಳ ನಡುವೆ ಕೆಂಪು ನೀರು ನುಗ್ಗುತ್ತಿತ್ತು, ಅದರೊಳಗೆ ಎದುರೀಜುವ ಬೆನ್ನುಗಳು ಒಂದರ ಹಿಂದೆ ಒಂದು ಹೊಳೆಯುತ್ತಿದ್ದವು. ಅರ್ಧ ಗಂಟೆಯಲ್ಲಿ ಮೊದಲ ಮೀನುಗಳು ಮುಂಡೇವಿನ ತಿರುವನ್ನು ದಾಟಿ ಮೇಲಿನ ಗದ್ದೆಗೆ ಹೊರಳಿದವು.